ಬೆಳಗಾವಿಯಿಂದ ಜಗತ್ತಿನ ಆ್ಯಪ್‌ಗಳಿಗೆ ಜಾಗ ಕೊಡುವಾಗ

ಸರ್ವರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳ ದರಪಟ್ಟಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ವಿಸಿಪಿಯು (ಬಾಡಿಗೆ ಯಂತ್ರದ ಪಾಲಿನ ಪ್ರೊಸೆಸರ್) ಮತ್ತು ರ‍್ಯಾಮ್. ಒಂದು ಎಕ್ಸೆಲ್ ಹಾಳೆಯಲ್ಲಿ ಐದಾರು ಕಂಪನಿಗಳ ಹೆಸರು ಬರೆದು, ಅಗ್ಗದ್ದಕ್ಕೆ ಹಳದಿ ಬಣ್ಣ ಬಳಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ತಮ್ಮದೇ ಒಂದು ಆ್ಯಪ್ ಓಡಿಸುವವರಿಗೆ ಇದು ನಡೆದೀತು. ಆದರೆ ಬೇರೆಯವರ ಆ್ಯಪ್‌ಗಳಿಗೆ ಜಾಗ ಕೊಡುವ ವೇದಿಕೆಯ ಕಥೆ ಬೇರೆ. ಅಲ್ಲಿ ಗಿರಾಕಿ ಕೋಡ್ ಕಳಿಸುತ್ತಾನೆ. ಅದನ್ನು ಬಿಲ್ಡ್ ಮಾಡಿ (ಓಡುವ ರೂಪಕ್ಕೆ ತಂದು), ಓಡಿಸಿ, ವಿಳಾಸ ಕೊಟ್ಟು, ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟ್ ಹಾಕಿ ಜಗತ್ತಿಗೆ ತೋರಿಸುವುದು ವೇದಿಕೆಯ ಕೆಲಸ. ಇಂಥದ್ದಕ್ಕೆ ಕ್ಲೌಡ್ ಆರಿಸುವಾಗ ಸರ್ವರ್ ದರ ಕೊನೆಗೆ ನೋಡಿದರೂ ನಡೆಯುತ್ತದೆ. ಮೊದಲು ನೋಡಬೇಕಾದವು ಮೂರು: ಹೊರಗೆ ಹೋಗುವ ಡೇಟಾಕ್ಕೆ ಎಷ್ಟು ಬೀಳುತ್ತದೆ, ಗಿರಾಕಿ ಮಾಡಿದ ಕಿತಾಪತಿಗೆ ಯಾರ ಖಾತೆ ಮುಚ್ಚುತ್ತಾರೆ, ಡೇಟಾಬೇಸ್ ಯಾವ ಊರಲ್ಲಿ ಕೂರುತ್ತದೆ.

ಅದಕ್ಕೂ ಮುಂಚೆ ಪಿಂಗ್ ವಿಷಯ. ಬೆಳಗಾವಿಯ ಆಫೀಸಿನಿಂದ ಪಿಂಗ್ ಹೊಡೆದು (ಸರ್ವರಿಗೆ ಪುಟ್ಟ ಸಂದೇಶ ಹೋಗಿ ಬರುವ ಸಮಯ ಅಳೆದು) ರೀಜನ್, ಅಂದರೆ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗಳಿರುವ ಊರು, ಆರಿಸುವವರು ಇದ್ದಾರೆ. ಮುಂಬೈ, ಬೆಂಗಳೂರು, ಹೈದರಾಬಾದ್ ಮೂರೂ ಇಲ್ಲಿಂದ ರಸ್ತೆಯಲ್ಲಿ ಸರಿಸುಮಾರು 500 ಕಿ.ಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಅಂದರೆ ಪ್ರತಿ 100 ಕಿ.ಮೀ.ಗೆ ಹೋಗಿ ಬರಲು 1 ಮಿಲಿಸೆಕೆಂಡ್. ಲೆಕ್ಕದ ಪ್ರಕಾರ ಮೂರೂ ಊರು 5 ಮಿಲಿಸೆಕೆಂಡ್ ದೂರ. ಪಿಂಗ್‌ನಲ್ಲಿ ಅದರ ಹಲವು ಪಟ್ಟು ಕಂಡರೆ ಇಂಟರ್ನೆಟ್ ಕಂಪನಿಯವರು ಪ್ಯಾಕೆಟ್ಟನ್ನು ಬೇರೆ ಊರು ಸುತ್ತಿಸಿ ತರುತ್ತಿದ್ದಾರೆ ಎಂದರ್ಥ. ಟ್ರೇಸ್‌ರೂಟ್ ಹಾಕಿದರೆ ದಾರಿ ಕಾಣುತ್ತದೆ. ಅದು ನಿಮ್ಮ ಆಫೀಸಿನ ಸಮಸ್ಯೆ, ಗಿರಾಕಿಯದಲ್ಲ. ಗಿರಾಕಿಯ ಆ್ಯಪ್ ತೆರೆಯುವವರು ಬರ್ಲಿನ್‌ನಲ್ಲೋ ಶಿಕಾಗೋದಲ್ಲೋ ಇರುತ್ತಾರೆ.

ಮುಂಬೈಯಿಂದ ಸಿಂಗಪುರಕ್ಕೆ ಹೋಗಿ ಬರಲು ಸುಮಾರು 60 ಮಿಲಿಸೆಕೆಂಡ್, ಫ್ರಾಂಕ್‌ಫರ್ಟ್‌ಗೆ 110ರಿಂದ 130, ಅಮೆರಿಕದ ವರ್ಜೀನಿಯಾಕ್ಕೆ 200ರ ಆಸುಪಾಸು. ಹೊಸ ಎಚ್‌ಟಿಟಿಪಿಎಸ್ ಸಂಪರ್ಕಕ್ಕೆ ಟಿಸಿಪಿಗೆ (ಸಂಪರ್ಕ ಜೋಡಿಸಲು) ಒಂದು ಸುತ್ತು, ಟಿಎಲ್‌ಎಸ್ 1.3ಗೆ (ಗೂಢಲಿಪಿ ಒಪ್ಪಿಕೊಳ್ಳಲು) ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ವರ್ಜೀನಿಯಾದವರು ಮುಂಬೈ ಸರ್ವರಿಗೆ ಬಂದರೆ ಮೊದಲ ಅಕ್ಷರ ಕಾಣುವಷ್ಟರಲ್ಲಿ 600 ಮಿಲಿಸೆಕೆಂಡ್ ಹೋಗಿರುತ್ತದೆ, ಆ್ಯಪ್ ಎಷ್ಟೇ ಚುರುಕಾಗಿದ್ದರೂ. ಈ ಮೂರರಲ್ಲಿ ಎರಡು ಸುತ್ತನ್ನು ಬಳಕೆದಾರನ ಹತ್ತಿರದಲ್ಲೇ ಮುಗಿಸಬಹುದು. ಟಿಎಲ್‌ಎಸ್ ಅನ್ನು ಅವನ ಊರಿನ ಪಕ್ಕದ ಪ್ರಾಕ್ಸಿಯಲ್ಲಿ (ಕೋರಿಕೆ ಪಡೆದು ಆ್ಯಪ್‌ಗೆ ದಾಟಿಸುವ ಮಧ್ಯದ ಸರ್ವರ್) ಬಿಚ್ಚಿ, ಅಲ್ಲಿಂದ ಮೊದಲೇ ತೆರೆದಿಟ್ಟ ಸಂಪರ್ಕದಲ್ಲಿ ಒಳಗೆ ತಂದರೆ ಸಾಕು. ಆದ್ದರಿಂದ 'ಜಾಗತಿಕ' ಅಂದಾಕ್ಷಣ ಹತ್ತು ರೀಜನ್‌ನಲ್ಲಿ ಸರ್ವರ್ ಹಿಡಿಯಬೇಕಿಲ್ಲ. ಪ್ರಾಕ್ಸಿ ಹತ್ತು ಕಡೆ ಇರಲಿ, ಆ್ಯಪ್ ಓಡುವ ಜಾಗ ಮೂರು ಸಾಕು: ಭಾರತದಲ್ಲೊಂದು, ಯುರೋಪಿನಲ್ಲೊಂದು, ಅಮೆರಿಕದಲ್ಲೊಂದು. ಸಿಂಗಪುರ ನಾಲ್ಕನೆಯದಾಗಿ ನಿಧಾನಕ್ಕೆ ಬರಲಿ.

ಭಾರತದೊಳಗಿನ ಆಯ್ಕೆಗೆ ಈಗ ಬರ ಇಲ್ಲ. ಅಮೆಜಾನ್‌ನ ಎಡಬ್ಲ್ಯುಎಸ್ 2016ರಿಂದ ಮುಂಬೈಯಲ್ಲಿದೆ, 2022ರಿಂದ ಹೈದರಾಬಾದಿನಲ್ಲೂ ಇದೆ. ಗೂಗಲ್‌ಗೆ ಮುಂಬೈ, ದೆಹಲಿ, ಮೈಕ್ರೋಸಾಫ್ಟ್‌ನ ಅಜೂರ್‌ಗೆ ಪುಣೆ, ಚೆನ್ನೈ, ಮುಂಬೈ, ಡಿಜಿಟಲ್‌ಓಷನ್‌ಗೆ ಬೆಂಗಳೂರು, ಲಿನೋಡ್ ಕೊಂಡ ಅಕಮಾಯ್‌ಗೆ ಮುಂಬೈ, ಚೆನ್ನೈ. ಅಗ್ಗಕ್ಕೆ ಹೆಸರಾದ ಜರ್ಮನಿಯ ಹೆಟ್ಸ್‌ನರ್‌ಗೆ ಭಾರತದಲ್ಲಿ ಜಾಗವಿಲ್ಲ, ಅದರ ಹತ್ತಿರದ ಠಿಕಾಣಿ ಸಿಂಗಪುರ.

ಇನ್ನು ಹೊರಗೆ ಹೋಗುವ ಡೇಟಾ. ಒಳಗೆ ಬರುವುದಕ್ಕೆ ಬಹುತೇಕ ಯಾರೂ ಕಾಸು ಕೇಳುವುದಿಲ್ಲ, ಹೊರಗೆ ಹೋಗುವ ಪ್ರತಿ ಜಿಬಿಗೆ ಮೀಟರ್ ಓಡುತ್ತದೆ. ನೂರಿನ್ನೂರು ಆ್ಯಪ್ ಇರುವ ವೇದಿಕೆಯಿಂದ ತಿಂಗಳಿಗೆ 20 ಟಿಬಿ ಹೋಗುತ್ತದೆ ಅಂದುಕೊಳ್ಳಿ. ಚಿತ್ರ, ವಿಡಿಯೊ ಇರುವ ನಾಲ್ಕು ಗಿರಾಕಿ ಬಂದರೆ ಇದು ದೊಡ್ಡ ಮಾತಲ್ಲ. ಎಡಬ್ಲ್ಯುಎಸ್ ಮುಂಬೈಯಲ್ಲಿ ಘೋಷಿತ ದರ ಮೊದಲ 10 ಟಿಬಿಗೆ ಜಿಬಿಗೆ 0.1093 ಡಾಲರ್, ಮುಂದಿನ 40 ಟಿಬಿಗೆ 0.085. ಎರಡೂ ಸೇರಿ 20 ಟಿಬಿಗೆ ಹತ್ತಿರ ಹತ್ತಿರ 2,000 ಡಾಲರ್. ಅಮೆರಿಕದ ರೀಜನ್‌ಗಳಲ್ಲಿ ಮೊದಲ 10 ಟಿಬಿಗೆ 0.09 ಇರುವುದರಿಂದ ಅದೇ ಡೇಟಾ ಸುಮಾರು 1,800 ಡಾಲರಿಗೆ ಹೋಗುತ್ತದೆ. ಡಿಜಿಟಲ್‌ಓಷನ್‌ನಲ್ಲಿ ಸರ್ವರ್ ಜೊತೆ ಬರುವ ಪುಕ್ಕಟೆ ಕೋಟಾ ಬಿಟ್ಟು ಲೆಕ್ಕ ಹಾಕಿದರೂ ಜಿಬಿಗೆ ಒಂದು ಸೆಂಟ್, ಅಂದರೆ 205 ಡಾಲರ್. ದರಗಳು ಬದಲಾಗುತ್ತಿರುತ್ತವೆ, ಸಹಿ ಹಾಕುವ ದಿನ ಮತ್ತೆ ನೋಡಿ. ಆದರೆ ಈ ಹತ್ತು ಪಟ್ಟಿನ ಅಂತರ ವರ್ಷಗಳಿಂದ ಹೀಗೇ ನಿಂತಿದೆ. ಸರ್ವರ್ ದರದಲ್ಲಿ ಶೇ. 20 ಉಳಿಸಲು ವಾರಗಟ್ಟಲೆ ಚೌಕಾಸಿ ಮಾಡುವವರು ಈ ಸಾಲನ್ನು ಒಮ್ಮೆಯೂ ಗುಣಿಸಿ ನೋಡಿರುವುದಿಲ್ಲ.

ಇದರ ಕೆಳಗೆ ಚಿಲ್ಲರೆ ಸಾಲುಗಳಿವೆ. ಒಂದೇ ರೀಜನ್‌ನ ಎರಡು ಝೋನ್‌ಗಳ (ಪ್ರತ್ಯೇಕ ಡೇಟಾ ಸೆಂಟರ್‌ಗಳ) ನಡುವೆ ಹೋಗುವ ಡೇಟಾಕ್ಕೆ ಎಡಬ್ಲ್ಯುಎಸ್ ಕಳಿಸುವ ಕಡೆ ಒಂದು ಸೆಂಟ್, ಪಡೆಯುವ ಕಡೆ ಒಂದು ಸೆಂಟ್ ತೆಗೆದುಕೊಳ್ಳುತ್ತದೆ. ಪ್ರಾಕ್ಸಿ ಒಂದು ಝೋನ್‌ನಲ್ಲಿದ್ದು ಆ್ಯಪ್ ಇನ್ನೊಂದರಲ್ಲಿದ್ದರೆ ಪ್ರತಿ ಜಿಬಿಗೂ ಎರಡು ಸೆಂಟ್ ಸೋರುತ್ತದೆ. ಪ್ರಾಕ್ಸಿ ಮೊದಲು ತನ್ನದೇ ಝೋನ್‌ನ ಆ್ಯಪನ್ನು ಹುಡುಕುವಂತೆ ಹೊಂದಿಸಿದರೆ ಸೋರಿಕೆ ನಿಲ್ಲುತ್ತದೆ. ಒಳಗಿನ ಯಂತ್ರಗಳು ಇಂಟರ್ನೆಟ್ಟಿಗೆ ಹೋಗುವ ಬಾಗಿಲಾದ ನ್ಯಾಟ್ ಗೇಟ್‌ವೇಗೆ ಗಂಟೆಯ ಬಾಡಿಗೆಯಲ್ಲದೆ ಹಾದುಹೋದ ಪ್ರತಿ ಜಿಬಿಗೂ ಅಮೆರಿಕದ ದರದಲ್ಲಿ 4.5 ಸೆಂಟ್. ಹೋಸ್ಟಿಂಗ್ ವೇದಿಕೆಯಲ್ಲಿ ದಿನವಿಡೀ ಬಿಲ್ಡ್ ನಡೆಯುತ್ತದೆ. ಎನ್‌ಪಿಎಂ, ಪೈಪಿ ಭಂಡಾರಗಳ ಸಿದ್ಧ ಕೋಡಿನ ಪ್ಯಾಕೇಜುಗಳೆಲ್ಲ ಇದೇ ಬಾಗಿಲಿನಿಂದ ಬರುತ್ತವೆ. ಪ್ಯಾಕೇಜುಗಳಿಗೆ ಒಳಗೇ ಒಂದು ಕ್ಯಾಶ್ ಸರ್ವರ್ (ಒಮ್ಮೆ ತಂದದ್ದನ್ನು ಉಳಿಸಿಡುವುದು) ಇಡಿ, ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹವಾದ ಎಸ್3ಗೆ ಪುಕ್ಕಟೆ ಸಿಗುವ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ನೇರ ದಾರಿ ಹಾಕಿ. 2024ರ ಫೆಬ್ರುವರಿಯಿಂದ ಎಡಬ್ಲ್ಯುಎಸ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ, ತಿಂಗಳಿಗೆ 3.6 ಡಾಲರ್. ಗಿರಾಕಿಗೊಂದು ಐಪಿ ಕೊಡುವ ಔದಾರ್ಯಕ್ಕೆ ಈಗ ಬೆಲೆ ಇದೆ. ಬ್ರೌಸರ್ ಮೊದಲೇ ಡೊಮೈನ್ ಹೆಸರು ಹೇಳುವ ಎಸ್‌ಎನ್‌ಐ ಮೇಲೆ ಒಂದೇ ಐಪಿಯನ್ನು ಎಲ್ಲರಿಗೂ ಹಂಚುವುದೇ ಸರಿ.

ಕಿತಾಪತಿಯ ವಿಷಯಕ್ಕೆ ಬರೋಣ. ಹೋಸ್ಟಿಂಗ್ ವೇದಿಕೆ ಅಂದರೆ ಬಾಡಿಗೆಗೆ ಹಿಡಿದ ಮನೆಯ ಕೋಣೆಗಳನ್ನು ಮತ್ತೆ ಬಾಡಿಗೆಗೆ ಬಿಟ್ಟಂತೆ. ಒಳಗಿದ್ದವನು ಗದ್ದಲ ಮಾಡಿದರೆ ಮಾಲೀಕರು ಬಂದು ಹೊರಗೆ ಹಾಕುವುದು ನಿಮ್ಮನ್ನೇ. ಉಚಿತ ಪ್ಲಾನ್ ತೆರೆದ ಕೆಲವೇ ದಿನಗಳಲ್ಲಿ ಮೂರು ಜಾತಿಯ ಜನ ಬರುತ್ತಾರೆ: ಕ್ರಿಪ್ಟೊ ಅಗೆಯುವವರು, ಬ್ಯಾಂಕಿನ ನಕಲಿ ಲಾಗಿನ್ ಪುಟ ಇಡುವವರು, ಸ್ಪ್ಯಾಮ್ ಕಳಿಸುವವರು. ಹೆರೋಕು 2022ರ ನವೆಂಬರಿನಲ್ಲಿ ಉಚಿತ ಪ್ಲಾನ್ ಮುಚ್ಚಿದಾಗ ಕೊಟ್ಟ ಕಾರಣಗಳಲ್ಲಿ ಈ ದುರುಪಯೋಗವೂ ಒಂದು. ಒಬ್ಬ ಗಿರಾಕಿಯ ಫಿಶಿಂಗ್ ಪುಟದ ಮೇಲೆ ದೂರು ಹೋದರೆ ಕೆಲವು ಕಂಪನಿಗಳು ಇಮೇಲ್ ಕಳಿಸಿ 24 ಗಂಟೆ ಕಾಯುತ್ತವೆ, ಕೆಲವು ನೇರವಾಗಿ ಸರ್ವರಿನ ನೆಟ್‌ವರ್ಕ್ ತೆಗೆಯುತ್ತವೆ. ಆ ಸರ್ವರಿನಲ್ಲಿ ಇನ್ನೂ ಎಂಬತ್ತು ಪ್ರಾಮಾಣಿಕ ಆ್ಯಪ್‌ಗಳು ಇರುತ್ತವೆ. ಆದ್ದರಿಂದ ಕಂಪನಿ ಆರಿಸುವ ಮುನ್ನ ಅವರ ಸೇಲ್ಸ್‌ನವರಿಗೆ ಬರಹದಲ್ಲೇ ಕೇಳಿ: ನಾವು ಮರುಮಾರಾಟ ಮಾಡುವವರು, ದೂರು ಬಂದರೆ ಯಾರಿಗೆ ತಿಳಿಸುತ್ತೀರಿ, ಎಷ್ಟು ಗಂಟೆ ಸಮಯ, ಒಂದು ಸರ್ವರ್ ಮುಚ್ಚುತ್ತೀರೋ ಇಡೀ ಖಾತೆಯನ್ನೋ? ಉತ್ತರ ಬಾರದಿದ್ದರೆ ಅದನ್ನೇ ಉತ್ತರ ಎಂದು ತಿಳಿಯಬಹುದು.

ನಿಮ್ಮ ಕಡೆಯಿಂದ ಮಾಡಬೇಕಾದದ್ದೂ ಇದೆ. ಗಿರಾಕಿಗಳ ಆ್ಯಪ್‌ಗೆ ಕೊಡುವ ಡೊಮೈನ್, ಕಂಪನಿಯ ಜಾಲತಾಣದ ಡೊಮೈನ್ ಬೇರೆ ಬೇರೆ ಇರಲಿ. ಇಲ್ಲದಿದ್ದರೆ ಮೋಸದ ತಾಣಗಳ ಬಗ್ಗೆ ಎಚ್ಚರಿಸುವ ಗೂಗಲ್ ಸೇಫ್ ಬ್ರೌಸಿಂಗ್‌ನ ಕೆಂಪು ಪರದೆ ನಿಮ್ಮ ಬಿಲ್ಲಿಂಗ್ ಪುಟದ ಮೇಲೂ ಬಿದ್ದೀತು. ಗಿರಾಕಿ ಡೊಮೈನನ್ನು ಪಬ್ಲಿಕ್ ಸಫಿಕ್ಸ್ ಪಟ್ಟಿಗೆ (ಯಾವ ಡೊಮೈನಿನ ಕೆಳಗೆ ಬೇರೆ ಬೇರೆಯವರ ತಾಣಗಳಿವೆ ಎಂದು ಬ್ರೌಸರ್‌ಗಳಿಗೆ ತಿಳಿಸುವ ಪಟ್ಟಿ) ಸೇರಿಸಿ. ಸೇರಿಸದಿದ್ದರೆ ಒಬ್ಬ ಗಿರಾಕಿಯ ಆ್ಯಪ್ ಇಡೀ ಡೊಮೈನಿಗೆ ಕುಕಿ ಇಟ್ಟು ಪಕ್ಕದವನ ಲಾಗಿನ್ ಕೆಡಿಸಬಹುದು. ಆ ಪಟ್ಟಿ ಎಲ್ಲ ಬ್ರೌಸರ್‌ಗಳಿಗೆ ತಲುಪಲು ವಾರಗಳು ಹಿಡಿಯುವುದರಿಂದ ಅಂಗಡಿ ತೆರೆಯುವ ಮೊದಲೇ ಅರ್ಜಿ ಹೋಗಿರಬೇಕು. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಒಂದು ನೋಂದಾಯಿತ ಡೊಮೈನಿಗೆ 7 ದಿನಕ್ಕೆ 50 ಹೊಸ ಸರ್ಟಿಫಿಕೇಟ್ ಮಾತ್ರ ಕೊಡುತ್ತದೆ. ಉಪಡೊಮೈನ್‌ಗಳಿಗೆ ಎಲ್ಲಕ್ಕೂ ಸಲ್ಲುವ ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಬಳಸಿದರೆ ಈ ಮಿತಿ ಅಡ್ಡ ಬರುವುದಿಲ್ಲ. ಇಮೇಲ್ ಕಳಿಸುವ ಪೋರ್ಟ್ 25 ಹೊರಕ್ಕೆ ಮುಚ್ಚಿಯೇ ಇರಲಿ. ದೊಡ್ಡ ಕ್ಲೌಡ್‌ಗಳು ತಾವೇ ಮುಚ್ಚಿರುತ್ತವೆ, ಅದನ್ನು ದೋಷ ಎಂದು ಬಗೆಯಬೇಡಿ.

ಗಿರಾಕಿಯ ಕೋಡನ್ನು ಬೇಲಿ ಹಾಕಿ ಓಡಿಸುವ ವಿಧಾನವೂ ಕ್ಲೌಡ್ ಆಯ್ಕೆಯನ್ನು ನಿರ್ಧರಿಸುತ್ತದೆ. ಬರೀ ಕಂಟೇನರ್ (ಒಂದೇ ಯಂತ್ರದೊಳಗಿನ ಬೇಲಿ ಹಾಕಿದ ಡಬ್ಬಿ) ಸಾಲದು, ಏಕೆಂದರೆ ಎಲ್ಲ ಕಂಟೇನರ್‌ಗಳೂ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಒಂದೇ ಕರ್ನಲ್ ಹಂಚಿಕೊಂಡಿರುತ್ತವೆ. ಅಮೆಜಾನ್ 2018ರಲ್ಲಿ ಮುಕ್ತಗೊಳಿಸಿದ ಫೈರ್‌ಕ್ರ್ಯಾಕರ್ ಪ್ರತಿ ಆ್ಯಪ್‌ಗೂ ಪುಟ್ಟದೊಂದು ವರ್ಚುವಲ್ ಯಂತ್ರ ಕೊಡುತ್ತದೆ, ಆದರೆ ಅದಕ್ಕೆ ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯವಾದ ಕೆವಿಎಂ ಬೇಕು. ವರ್ಚುವಲ್ ಯಂತ್ರದೊಳಗೆ ಮತ್ತೆ ಕೆವಿಎಂ ಓಡಿಸಲು ಎಲ್ಲ ಕ್ಲೌಡ್‌ಗಳೂ ಎಲ್ಲ ಬಗೆಯ ಯಂತ್ರಗಳಲ್ಲಿ ಬಿಡುವುದಿಲ್ಲ; ಬಿಟ್ಟರೂ ವೇಗ ತಗ್ಗುತ್ತದೆ. ಹಾಗಾದಾಗ ಬೇರ್ ಮೆಟಲ್ (ಹಂಚಿಕೊಳ್ಳದ ಇಡೀ ಭೌತಿಕ ಯಂತ್ರ) ಹಿಡಿಯಬೇಕು, ಇಲ್ಲವೇ ಆ್ಯಪ್ ಮತ್ತು ಕರ್ನಲ್ ನಡುವೆ ನಿಲ್ಲುವ ಗೂಗಲ್‌ನ ಜಿವೈಸರ್ ಬಳಸಬೇಕು. ಜಿವೈಸರ್‌ಗೆ ಕೆವಿಎಂ ಕಡ್ಡಾಯವಲ್ಲ, ಆದರೆ ಡಿಸ್ಕ್ ಮತ್ತು ನೆಟ್‌ವರ್ಕ್ ಕೆಲಸ ಜಾಸ್ತಿ ಇರುವ ಆ್ಯಪ್‌ಗಳು ಅದರ ಮೇಲೆ ಏದುಸಿರು ಬಿಡುತ್ತವೆ.

ಬಹಳ ಜನ ಮರೆಯುವ ಒಂದು ತೂತು ಇಲ್ಲಿದೆ. ಕ್ಲೌಡ್ ಯಂತ್ರದೊಳಗಿಂದ 169.254.169.254 ಎಂಬ ವಿಳಾಸ ಕೇಳಿದರೆ ಆ ಯಂತ್ರದ ಗುಟ್ಟುಗಳು, ಕೆಲವೊಮ್ಮೆ ಖಾತೆಯ ಕೀಲಿಗಳೂ ಸಿಗುತ್ತವೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಡೇಟಾ ಕದ್ದದ್ದು ಇದೇ ದಾರಿಯಿಂದ. ನಿಮ್ಮ ವೇದಿಕೆಯಲ್ಲಂತೂ ಅಪರಿಚಿತರ ಕೋಡ್ ಓಡುವುದೇ ಕಸುಬು. ಗಿರಾಕಿ ಆ್ಯಪ್‌ಗಳಿಂದ ಆ ವಿಳಾಸಕ್ಕೆ ಹೋಗುವ ದಾರಿಯನ್ನು ಫೈರ್‌ವಾಲ್‌ನಲ್ಲೇ ಕಡಿಯಿರಿ, ಎಡಬ್ಲ್ಯುಎಸ್ ಆದರೆ ಈ ವಿಳಾಸದ ಸೇವೆಯಾದ ಐಎಂಡಿಎಸ್‌ನ ಎರಡನೇ ಆವೃತ್ತಿ ಕಡ್ಡಾಯ ಮಾಡಿ, ಉತ್ತರ ಎಷ್ಟು ಮೆಟ್ಟಿಲು ದಾಟಬಹುದು ಎಂಬ ಹಾಪ್ ಮಿತಿ 1 ಇಡಿ, ಆ ಯಂತ್ರಗಳಿಗೆ ಯಾವ ಅಧಿಕಾರವನ್ನೂ ಕೊಡಬೇಡಿ.

ಯಂತ್ರದ ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 64 ಜಿಬಿ ಯಂತ್ರದಲ್ಲಿ ಶೇ. 20ರಷ್ಟು ವ್ಯವಸ್ಥೆಗೆ ಬಿಟ್ಟು ಉಳಿದ 51 ಜಿಬಿಯಲ್ಲಿ 512 ಎಂಬಿಯ ನೂರು ಆ್ಯಪ್ ಕೂರುತ್ತವೆ. ಸಿಪಿಯುವನ್ನು ನಾಲ್ಕು ಪಟ್ಟು ಹಂಚಬಹುದು, ಮೆಮೊರಿಯನ್ನು ಇರುವುದಕ್ಕಿಂತ ಹೆಚ್ಚು ಹಂಚಬೇಡಿ; ಸಿಪಿಯು ಸಾಲದಿದ್ದರೆ ಆ್ಯಪ್ ನಿಧಾನವಾಗುತ್ತದೆ, ಮೆಮೊರಿ ಸಾಲದಿದ್ದರೆ ಸಾಯುತ್ತದೆ. ಎಡಬ್ಲ್ಯುಎಸ್‌ನ ಟಿ3ಯಂಥ, ಉಳಿತಾಯವಾದ ಸಿಪಿಯು ಕ್ರೆಡಿಟ್ ಮೇಲೆ ಓಡುವ ಯಂತ್ರಗಳು ಈ ಕೆಲಸಕ್ಕೆ ಬೇಡ. ಟಿ3 ಮೀಡಿಯಂನ ಮೂಲ ಸಾಮರ್ಥ್ಯ ಪ್ರತಿ ವಿಸಿಪಿಯುಗೆ ಶೇ. 20 ಅಷ್ಟೇ, ಅದಕ್ಕಿಂತ ಹೆಚ್ಚು ಹೊತ್ತು ದುಡಿಸಿದರೆ ತಾನೇ ತಾನಾಗಿ ಹೆಚ್ಚುವರಿ ಬಿಲ್ ಬರುತ್ತದೆ. ಹಂಚಿದ ಸಿಪಿಯು ಕೊಡುವ ಅಗ್ಗದ ಕಂಪನಿಗಳಲ್ಲಿ ಟಾಪ್ ಕಮಾಂಡಿನ ಸ್ಟೀಲ್ ಅಂಕಣ (ನಿಮ್ಮ ಪಾಲಿನ ಸಿಪಿಯು ಬೇರೆಯವರಿಗೆ ಹೋದ ಶೇಕಡಾವಾರು) ನೋಡುತ್ತಿರಿ. ದಿನವಿಡೀ 5ರ ಮೇಲಿದ್ದರೆ ಯಂತ್ರ ಅಳಿಸಿ ಹೊಸದು ಪಡೆಯುವುದು ಟಿಕೆಟ್ ಹಾಕಿ ಕಾಯುವುದಕ್ಕಿಂತ ಬೇಗ ಆಗುತ್ತದೆ.

ಡೇಟಾಬೇಸ್ ಎಲ್ಲಿ ಕೂರಬೇಕು ಎಂಬಲ್ಲಿ ದುಬಾರಿ ತಪ್ಪುಗಳಾಗುತ್ತವೆ. ಮುಂಬೈ, ಫ್ರಾಂಕ್‌ಫರ್ಟ್, ವರ್ಜೀನಿಯಾ ಮೂರನ್ನೂ ಸೇರಿಸಿ ಒಂದೇ ಕುಬರ್ನೆಟಿಸ್ ಕ್ಲಸ್ಟರ್ (ಆ್ಯಪ್‌ಗಳನ್ನು ಹಂಚಿ ಓಡಿಸುವ ಯಂತ್ರಗಳ ಗುಂಪು) ಕಟ್ಟುವ ಆಸೆ ಹುಟ್ಟುತ್ತದೆ. ಅದರ ಹೃದಯವಾದ ಎಟ್‌ಸಿಡಿ ಎಂಬ ಡೇಟಾಬೇಸ್ ಪ್ರತಿ 100 ಮಿಲಿಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ ಕಳಿಸುವಂತೆ, 1,000 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ಹೊಸ ನಾಯಕನನ್ನು ಆರಿಸುವಂತೆ ಮೊದಲೇ ಹೊಂದಿಸಿ ಬರುತ್ತದೆ. 200 ಮಿಲಿಸೆಕೆಂಡ್ ದೂರದಲ್ಲಿ, ಸಮುದ್ರದ ಕೇಬಲ್ ಸ್ವಲ್ಪ ತಡವರಿಸಿದರೂ ಚುನಾವಣೆ ಶುರು, ಅಷ್ಟು ಹೊತ್ತು ಹೊಸ ಡಿಪ್ಲಾಯ್ ಬಂದ್. ಪ್ರತಿ ರೀಜನ್‌ಗೆ ಒಂದು ಕ್ಲಸ್ಟರ್ ಇರಲಿ, ಒಂದು ಸತ್ತರೆ ಇನ್ನೊಂದಕ್ಕೆ ಸುದ್ದಿಯೂ ಗೊತ್ತಾಗಬಾರದು. ಗಿರಾಕಿಯ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬರಹಗಳು ಒಂದೇ ರೀಜನ್‌ನಲ್ಲಿ ಆಗಲಿ, ಓದುವ ಪ್ರತಿಗಳು ಬೇಕಾದರೆ ಬೇರೆ ಖಂಡದಲ್ಲಿರಲಿ. ಖಂಡಗಳ ನಡುವೆ ಸಿಂಕ್ರೊನಸ್ ಪ್ರತಿ (ಎರಡೂ ಕಡೆ ಬರೆದ ಮೇಲೆಯೇ ಮುಂದೆ ಹೋಗುವಂಥದ್ದು) ಇಟ್ಟರೆ ಪ್ರತಿ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು) ಒಂದು ಪೂರ್ತಿ ಸುತ್ತು ಕಾಯುತ್ತದೆ. ಆರ್ಡರ್ ಒಂದಕ್ಕೆ ಎಂಟು ಕಮಿಟ್ ಮಾಡುವ ಆ್ಯಪ್‌ನಲ್ಲಿ 200 ಮಿಲಿಸೆಕೆಂಡ್ ಎಂಟು ಸಲ ಸೇರಿ ಒಂದೂವರೆ ಸೆಕೆಂಡ್ ದಾಟುತ್ತದೆ.

ಕೇಬಲ್ ತಡವರಿಸುವುದು ಕಲ್ಪನೆಯಲ್ಲ. 2024ರ ಫೆಬ್ರುವರಿಯಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದವು. ಎರಡನೇ ಸಲ ಅಜೂರ್ ತನ್ನ ಗಿರಾಕಿಗಳಿಗೆ ವಿಳಂಬ ಹೆಚ್ಚುತ್ತದೆ ಎಂದು ತಿಳಿಸಬೇಕಾಯಿತು. ಭಾರತದಿಂದ ಯುರೋಪಿಗೆ ಹೋಗುವ ಬಹುಪಾಲು ಡೇಟಾ ಇದೇ ಇಕ್ಕಟ್ಟಿನ ದಾರಿಯಲ್ಲಿ ಸಾಗುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟವರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಗೂಗಲ್ ಕ್ಲೌಡ್ ವ್ಯವಸ್ಥೆಯೇ ತಪ್ಪು ಸೆಟ್ಟಿಂಗಿನಿಂದ ಅಳಿಸಿಹೋಯಿತು. ಬೇರೆ ಕಂಪನಿಯಲ್ಲೂ ಇಟ್ಟಿದ್ದ ಬ್ಯಾಕಪ್ ನೆರವಿಗೆ ಬಂತು. ಓಡುವ ವ್ಯವಸ್ಥೆಯ ಒಂದೊಂದು ಭಾಗವೂ ಒಂದೇ ಕ್ಲೌಡ್‌ನಲ್ಲಿರಲಿ, ಅದನ್ನೇ ಎರಡೆರಡು ಕ್ಲೌಡ್‌ನಲ್ಲಿ ಏಕಕಾಲಕ್ಕೆ ಓಡಿಸುವುದು ಸಣ್ಣ ತಂಡಕ್ಕೆ ಹೈರಾಣ. ಬ್ಯಾಕಪ್ ಮಾತ್ರ ಬೇರೆ ಕಂಪನಿಯಲ್ಲಿ, ಬೇರೆ ಕಾರ್ಡಿನ ಖಾತೆಯಲ್ಲಿ, ಬರೆಯಬಹುದು ಆದರೆ ಅಳಿಸಲಾಗದು ಎಂಬ ಅಧಿಕಾರದ ಕೀಲಿಯೊಂದಿಗೆ ಇರಲಿ.

2025ರ ಅಕ್ಟೋಬರ್ 20ರ ಘಟನೆಯಿಂದ ಇನ್ನೊಂದು ವಿಷಯ ತಿಳಿಯಿತು. ವರ್ಜೀನಿಯಾದ ಎಡಬ್ಲ್ಯುಎಸ್ ರೀಜನ್‌ನಲ್ಲಿ ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ಪಟ್ಟಿ) ದಾಖಲೆ ಸ್ವಯಂಚಾಲಿತ ವ್ಯವಸ್ಥೆಯ ಗೊಂದಲದಲ್ಲಿ ಖಾಲಿಯಾಗಿ, ಬಹಳಷ್ಟು ಸೇವೆಗಳು ಗಂಟೆಗಟ್ಟಲೆ ನಿಂತವು. ಎಡಬ್ಲ್ಯುಎಸ್‌ನ ಡಿಎನ್‌ಎಸ್ ಸೇವೆ ರೂಟ್ 53ರಲ್ಲಿ ಉತ್ತರ ಕೊಡುವ ಸರ್ವರ್‌ಗಳು ಜಗತ್ತಿನಾದ್ಯಂತ ಇವೆ, ಆದರೆ ದಾಖಲೆ ತಿದ್ದುವ ಭಾಗ ವರ್ಜೀನಿಯಾದಲ್ಲಿದೆ. ಅಂದರೆ ವರ್ಜೀನಿಯಾ ಬಿದ್ದಾಗ 'ಡಿಎನ್‌ಎಸ್ ಬದಲಿಸಿ ಮುಂಬೈಗೆ ತಿರುಗಿಸೋಣ' ಎಂಬ ಯೋಜನೆ ಅಂದೇ ಕೈಕೊಡಬಹುದು. ಹೆಲ್ತ್ ಚೆಕ್ ಮೇಲೆ ತಾನೇ ತಿರುಗುವ ದಾಖಲೆಗಳನ್ನು ಮೊದಲೇ ಬರೆದಿಟ್ಟರೆ ಆ ದಿನ ಯಾರೂ ಏನನ್ನೂ ತಿದ್ದಬೇಕಿಲ್ಲ. ಸೇವೆ ನಡೆಯುತ್ತಿದೆಯೇ ಎಂದು ತಿಳಿಸುವ ನಿಮ್ಮ ಸ್ಟೇಟಸ್ ಪುಟ ಬೇರೆ ಕಂಪನಿಯಲ್ಲಿರಬೇಕು ಎಂದು ಹೇಳಬೇಕಿಲ್ಲ ಅಂದುಕೊಂಡಿದ್ದೇವೆ, ಆದರೂ ಪ್ರತಿ ದೊಡ್ಡ ಅವಘಡದಲ್ಲೂ ನಾಲ್ಕು ಸ್ಟೇಟಸ್ ಪುಟಗಳು ವೇದಿಕೆಯ ಜೊತೆಗೇ ಮಲಗುತ್ತವೆ.

ಕಾನೂನಿನ ಪೈಕಿ ಹೋಸ್ಟಿಂಗ್‌ನವರನ್ನು ನೇರವಾಗಿ ಮುಟ್ಟುವುದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, 180 ದಿನದ ಲಾಗ್ (ಏನೇನಾಯಿತು ಎಂಬ ದಾಖಲೆ), ಕ್ಲೌಡ್ ಮತ್ತು ವಿಪಿಎಸ್ (ವರ್ಚುವಲ್ ಸರ್ವರ್) ಕೊಡುವವರಾದರೆ ಗಿರಾಕಿಯ ಹೆಸರು, ವಿಳಾಸ, ಐಪಿ ಮುಂತಾದವು ಅವನು ಬಿಟ್ಟುಹೋದ ಮೇಲೂ 5 ವರ್ಷ. ಲಾಗ್ ಅಂದರೆ ಹೆದರಬೇಕಿಲ್ಲ, ಇಡುವ ಜಾಗ ಸರಿಯಿರಬೇಕು. ಸೆಕೆಂಡಿಗೆ 1,000 ಕೋರಿಕೆ, ಒಂದಕ್ಕೆ 300 ಬೈಟ್ ಎಂದರೆ ದಿನಕ್ಕೆ 26 ಜಿಬಿ, 180 ದಿನಕ್ಕೆ 4.7 ಟಿಬಿ. ಹತ್ತನೇ ಒಂದಕ್ಕೆ ಕುಗ್ಗಿಸಿ ಎಸ್3ಯಂಥ ಕಡೆ ಇಟ್ಟರೆ ತಿಂಗಳಿಗೆ 12 ಡಾಲರ್ ಆಸುಪಾಸು. ಅದೇ ಲಾಗನ್ನು ಎಡಬ್ಲ್ಯುಎಸ್‌ನ ಲಾಗ್ ಸೇವೆ ಕ್ಲೌಡ್‌ವಾಚ್‌ಗೆ ಸುರಿದರೆ ಅಮೆರಿಕದ ದರದಲ್ಲೇ ಜಿಬಿಗೆ ಅರ್ಧ ಡಾಲರ್, ತಿಂಗಳಿಗೆ 390 ಡಾಲರ್. ಗಿರಾಕಿ ಪಾವತಿ ಕಂಪನಿಯಾದರೆ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯಂತೆ ಪಾವತಿ ಡೇಟಾ ಭಾರತದಲ್ಲೇ ಇರಬೇಕು. ಹಾಗಾಗಿ 'ಈ ಆ್ಯಪ್‌ನ ಡೇಟಾ, ಬ್ಯಾಕಪ್ ಎರಡೂ ಇದೇ ದೇಶದಲ್ಲಿ' ಎಂಬ ಗುಂಡಿ ವೇದಿಕೆಯಲ್ಲೇ ಇರಲಿ. ಅದಕ್ಕೆ ಭಾರತದೊಳಗೆ ಎರಡು ರೀಜನ್ ಇರುವ ಕಂಪನಿ ಅನುಕೂಲ.

ದುಡ್ಡು ಕಟ್ಟುವುದೂ ಒಂದು ತಾಂತ್ರಿಕ ಅಪಾಯವೇ. 2021ರ ಅಕ್ಟೋಬರಿನಿಂದ ಭಾರತದ ಕಾರ್ಡುಗಳ ಮೇಲೆ ತಾನಾಗಿ ಕಡಿತವಾಗುವ ಪಾವತಿಗೆ ಇ-ಮ್ಯಾಂಡೇಟ್ (ಮೊದಲೇ ಕೊಟ್ಟ ಅನುಮತಿ) ಬೇಕು, ಈಗ 15,000 ರೂಪಾಯಿ ಮೀರಿದರೆ ಪ್ರತಿ ಸಲ ಒಟಿಪಿ ಬೇಕು. ಈ ನಿಯಮಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಯ ಕಡಿತ ವಿಫಲವಾಗಿ, ಎಚ್ಚರಿಕೆಯ ಇಮೇಲ್ ಯಾರೂ ನೋಡದ ಪೆಟ್ಟಿಗೆಗೆ ಹೋಗಿ, ಸರ್ವರ್ ನಿಲ್ಲುತ್ತದೆ. ದೊಡ್ಡ ಮೂರು ಕಂಪನಿಗಳು ಭಾರತದ ಸಂಸ್ಥೆಯಿಂದ ರೂಪಾಯಿಯಲ್ಲೇ ಜಿಎಸ್‌ಟಿ ಬಿಲ್ ಕೊಡುತ್ತವೆ. ಉಳಿದವರ ಹತ್ತಿರ ಪ್ರಿಪೇಯ್ಡ್ ಬಾಕಿ ತುಂಬುವ ವ್ಯವಸ್ಥೆ ಇದೆಯೇ ಕೇಳಿ, ಎರಡು ತಿಂಗಳ ಖರ್ಚು ಮುಂಗಡ ಇಡಿ. ವಿದೇಶಿ ಬಿಲ್ಲಿನ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ ಶೇ. 18 ಜಿಎಸ್‌ಟಿ ನೀವೇ ಕಟ್ಟಬೇಕು. ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಆದರೆ ಮೊದಲು ಕೈಯಿಂದ ಹೋಗುತ್ತದೆ. ಸಿಎ ಜೊತೆ ಈ ಮಾತು ಮೊದಲ ತಿಂಗಳೇ ಆಗಲಿ.

ಬೆಳಗಾವಿಯಲ್ಲಿ ಕೂತು ನಡೆಸುವುದಕ್ಕೆ ಕೆಲವು ವಿಶೇಷಗಳಿವೆ. ಬೇಸಿಗೆಯಲ್ಲಿ ವರ್ಜೀನಿಯಾದ ನಸುಕಿನ 3 ಗಂಟೆ ಅಂದರೆ ಇಲ್ಲಿ ಮಧ್ಯಾಹ್ನ 12.30, ಫ್ರಾಂಕ್‌ಫರ್ಟ್‌ನ 3 ಗಂಟೆ ಇಲ್ಲಿ ಬೆಳಿಗ್ಗೆ 6.30. ಆ ಎರಡೂ ರೀಜನ್‌ಗಳ ದುರಸ್ತಿ ಕೆಲಸ ಯಾರ ನಿದ್ದೆಯೂ ಕೆಡದಂತೆ ಮುಗಿಯುತ್ತದೆ. ರಾತ್ರಿ ಎದ್ದು ಕೂರಬೇಕಾದದ್ದು ಮುಂಬೈ ರೀಜನ್‌ಗೆ ಮಾತ್ರ. ಮಳೆಗಾಲದಲ್ಲಿ ಹೆಸ್ಕಾಂ ಲೈನ್ ಹೋದರೆ ಇನ್ವರ್ಟರ್ ಲ್ಯಾಪ್‌ಟಾಪ್ ಉಳಿಸುತ್ತದೆ, ಆದರೆ ಬೀದಿಯ ಕೊನೆಯ ಫೈಬರ್ ಪೆಟ್ಟಿಗೆಗೂ ಕರೆಂಟ್ ಬೇಕಲ್ಲ. ಎರಡು ಕಂಪನಿಯ ಬ್ರಾಡ್‌ಬ್ಯಾಂಡ್ ಒಂದೇ ಕಂಬದ ಮೇಲೆ ಬಂದಿರುತ್ತದೆ, ರಸ್ತೆ ಅಗೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೆಯದು ಮೊಬೈಲ್ ಜಾಲದ್ದಿರಲಿ. ಇದಕ್ಕಿಂತ ದೊಡ್ಡ ಬಲೆ, ಸರ್ವರ್ ಫೈರ್‌ವಾಲ್‌ನಲ್ಲಿ ಆಫೀಸಿನ ಸ್ಥಿರ ಐಪಿಗೆ ಮಾತ್ರ ಅನುಮತಿ ಕೊಡುವುದು. ಲೈನ್ ಹೋದ ದಿನವೇ ವೇದಿಕೆ ಕೆಡುತ್ತದೆ, ಒಳಗೆ ಹೋಗಲು ದಾರಿ ಇರುವುದಿಲ್ಲ. ಎರಡು ಬೇರೆ ರೀಜನ್‌ಗಳಲ್ಲಿ ವೈರ್‌ಗಾರ್ಡ್ ವಿಪಿಎನ್ ಬಾಗಿಲು ಇಟ್ಟು, ಹಾರ್ಡ್‌ವೇರ್ ಕೀ ಮೇಲೆ ಪ್ರವೇಶ ಕೊಟ್ಟರೆ ಎಲ್ಲಿಂದಲಾದರೂ ಕೆಲಸ ನಡೆಯುತ್ತದೆ.

ಜನರ ಲೆಕ್ಕವನ್ನೂ ಹಾಕಬೇಕು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಹುಡುಗ ಹುಡುಗಿಯರಿಗೆ ಎಡಬ್ಲ್ಯುಎಸ್ ಅಥವಾ ಅಜೂರ್ ಪರಿಚಯ ಇರುತ್ತದೆ. ಬೇರ್ ಮೆಟಲ್‌ನಲ್ಲಿ ಡಿಸ್ಕ್ ಕೆಟ್ಟಾಗ ರೇಡ್ (ಡಿಸ್ಕ್‌ಗಳ ಜೋಡಣೆ) ಮರಳಿ ಕಟ್ಟಿದವರು ಸಿಗುವುದು ಕಷ್ಟ, ಸಿಕ್ಕರೂ ಬೆಂಗಳೂರು ಎಳೆದುಕೊಳ್ಳುತ್ತದೆ. ಬೇರ್ ಮೆಟಲ್ ಅಗ್ಗ ಅನ್ನುವವರು ಆ ಒಬ್ಬ ಮನುಷ್ಯನ ಸಂಬಳವನ್ನೂ ಅವನು ಬಿಟ್ಟುಹೋಗುವ ತಿಂಗಳನ್ನೂ ಕೂಡಿಸಿಯೇ ಹೇಳಬೇಕು. ಮೂರ್ನಾಲ್ಕು ಜನರ ತಂಡಕ್ಕೆ ನಮ್ಮ ಸಲಹೆ ಹೀಗಿದೆ: ಆ್ಯಪ್ ಓಡಲು ಡೇಟಾ ದರ ಕಡಿಮೆ ಇರುವ ಮಧ್ಯಮ ಗಾತ್ರದ ಕಂಪನಿ, ಗಿರಾಕಿ ಡೇಟಾಬೇಸ್ ಮತ್ತು ಬಿಲ್ಲಿಂಗ್ ದೊಡ್ಡ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ, ಅವುಗಳ ಮುಂಭಾಗದಲ್ಲಿ, ಬಳಕೆದಾರರ ಹತ್ತಿರದಿಂದ ಪುಟ ಕೊಡುವ ಯಾರದಾದರೂ ಸಿಡಿಎನ್. ಆ್ಯಪ್ ಮತ್ತು ಡೇಟಾಬೇಸ್ ಬೇರೆ ಕಂಪನಿಯಲ್ಲಿದ್ದರೂ ಒಂದೇ ಊರಲ್ಲಿರಬೇಕು. ನಡುವಿನ ಸುತ್ತು 3 ಮಿಲಿಸೆಕೆಂಡ್ ದಾಟಿದರೆ ಪುಟಕ್ಕೆ ನಲವತ್ತು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮಾಡುವ ಆ್ಯಪ್‌ಗಳು ನರಳುತ್ತವೆ. ಮತ್ತೆ, ಡೇಟಾಬೇಸಿನಿಂದ ಆ್ಯಪ್‌ಗೆ ಹೋಗುವ ಉತ್ತರಗಳಿಗೂ ದೊಡ್ಡ ಕ್ಲೌಡ್ ಹೊರಹೋಗುವ ದರವನ್ನೇ ಹಾಕುತ್ತದೆ. ಭಾರೀ ಕ್ವೆರಿಗಳ ಗಿರಾಕಿ ಇದ್ದರೆ ಅವನ ಎರಡನ್ನೂ ಒಂದೇ ಕಡೆ ಇಡಬೇಕಾಗುತ್ತದೆ.

ಕೊನೆಗೆ ಕ್ರೆಡಿಟ್‌ಗಳ ಮಾತು. ಸ್ಟಾರ್ಟಪ್‌ಗಳಿಗೆ ದೊಡ್ಡ ಕ್ಲೌಡ್‌ಗಳು ಸಾವಿರಾರು ಡಾಲರ್ ಕ್ರೆಡಿಟ್ ಕೊಡುತ್ತವೆ. ತೆಗೆದುಕೊಳ್ಳಿ, ಆದರೆ ಬಿಲ್ಲಿನಲ್ಲಿ ಕ್ರೆಡಿಟ್ ಕಳೆಯುವ ಮುಂಚಿನ ಮೊತ್ತವನ್ನು ಮೊದಲ ತಿಂಗಳಿನಿಂದಲೇ ಹಾಳೆಯಲ್ಲಿ ಬರೆದಿಡಿ, ಪ್ರತಿ ಗಿರಾಕಿಯ ಪಾಲಿಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ. ಕ್ರೆಡಿಟ್ ಮುಗಿಯಲು ನಾಲ್ಕು ತಿಂಗಳು ಇರುವಾಗ ಒಂದು ಮಧ್ಯಮ ಗಾತ್ರದ ಆ್ಯಪನ್ನು ಡೇಟಾಬೇಸ್ ಸಮೇತ ಇನ್ನೊಂದು ಕಂಪನಿಯಲ್ಲಿ ಎಬ್ಬಿಸಿ ನೋಡಿ. ಕೈಯಲ್ಲಿ ಇರಬೇಕಾದದ್ದು ಕೋಡಿನ ಗಿಟ್ ಭಂಡಾರ ಮತ್ತು ಹೊರಗಿನ ಬ್ಯಾಕಪ್ ಮಾತ್ರ, ಹಳೆಯ ಖಾತೆಗೆ ಲಾಗಿನ್ ಆಗುವಂತಿಲ್ಲ. ಎಲ್ಲಿ ಅಡ್ಡಿಯಾಯಿತು ಬರೆದುಕೊಳ್ಳಿ: ಸೀಕ್ರೆಟ್‌ಗಳು (ಪಾಸ್‌ವರ್ಡ್, ಕೀಲಿ) ಹಳೆಯ ಕ್ಲೌಡ್‌ನ ಪೆಟ್ಟಿಗೆಯಲ್ಲೇ ಉಳಿದಿರುತ್ತವೆ, ಕೆಲಸಗಳನ್ನು ಸಾಲಿನಲ್ಲಿಡುವ ಕ್ಯೂ ಆ ಕಂಪನಿಯದ್ದೇ ಆಗಿರುತ್ತದೆ, ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ಉತ್ತರ ನೆನಪಿಡುವ ಅವಧಿ) ಒಂದು ದಿನ ಇರುತ್ತದೆ. ಟಿಟಿಎಲ್ಲನ್ನು ಅಂದೇ 300 ಸೆಕೆಂಡಿಗೆ ಇಳಿಸಿ; ಉಳಿದ ಎರಡಕ್ಕೆ ಆ ನಾಲ್ಕು ತಿಂಗಳು ಬೇಕಾಗುತ್ತದೆ.